ಯಹೂದಿಗಳು ಹಚ್ಚುವ ಮೇಣದಬತ್ತಿಗೆ ಏನರ್ಥ?

"ಯಹೂದಿಗಳು ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚುತ್ತಾರಲ್ಲ, ಅದು ನಮ್ಮ ದೇವರ ದೀಪದ ಹಾಗೇನಾ? ಅದರ ಆಧ್ಯಾತ್ಮಿಕ ಅರ್ಥ ಏನು?" ಅಂತ ಕೇಳಿದ್ದೀರಿ.

ನೋಡಲು ಒಂದೇ ಥರ ಕಂಡರೂ ಅಲ್ಲಿ ದೀಪಕ್ಕೆ ಯಾರೂ ಕೈ ಮುಗಿಯುವುದಿಲ್ಲ. ನಾನು ಯಹೂದಿ ಅಲ್ಲ, ಆಸಕ್ತಿಯಿಂದ ಓದಿಕೊಂಡವನು. ನನ್ನ ಪ್ರಕಾರ ಇಲ್ಲಿ ಮೊದಲು ಕೇಳಬೇಕಾದದ್ದು ಇಷ್ಟೇ: ಆ ಬೆಳಕನ್ನು ಬಳಸಬಹುದಾ, ಬಾರದಾ?

ಶುಕ್ರವಾರ ಹಚ್ಚುವುದು ಸಬ್ಬತ್ ದೀಪ, ಅಂದರೆ ವಾರದ ವಿಶ್ರಾಂತಿ ದಿನದ್ದು. ಅದು ಇರುವುದೇ ಬಳಸುವುದಕ್ಕೆ. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದು ಅಂತ ಬೈಬಲಿನ ವಿಮೋಚನಕಾಂಡದಲ್ಲಿದೆ. ಆ ದಿನ ಶುರುವಾಗುವುದು ಶುಕ್ರವಾರ ಸಂಜೆಗೇ. ಮೊದಲೇ ಹಚ್ಚಿಡದಿದ್ದರೆ ಮನೆಯವರೆಲ್ಲ ಕತ್ತಲಲ್ಲಿ ಉಣ್ಣಬೇಕು, ಎಡವಿ ಬೀಳಬೇಕು. ಅದಕ್ಕೇ ಯಹೂದಿ ಗುರುಗಳ ಚರ್ಚೆಗಳ ಪ್ರಾಚೀನ ಗ್ರಂಥ ತಾಲ್ಮುದ್ ಕೊಡುವ ಕಾರಣ ಮನೆಯ ನೆಮ್ಮದಿ. ಹನುಕ್ಕಾ ಅಂತ ಎಂಟು ದಿನದ ಹಬ್ಬವಿದೆ, ದೇವಾಲಯದಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ನೆನಪಿಗೆ. ಅದರ ನಡುವೆ ಸಬ್ಬತ್ ಬಂತು, ಬಡವನ ಹತ್ತಿರ ಒಂದೇ ದೀಪಕ್ಕೆ ಕಾಸಿದೆ ಅಂದುಕೊಳ್ಳಿ. ಹಬ್ಬದ ದೀಪ ಬಿಟ್ಟು ಮನೆ ದೀಪ ಹಚ್ಚಬೇಕಂತೆ! 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಹನುಕ್ಕಾ ನಿಯಮಗಳನ್ನು ಮುಗಿಸುವುದೇ ಈ ಮಾತಿನಿಂದ. ಇಡೀ ತೋರಾ, ಅಂದರೆ ಯಹೂದಿ ಧರ್ಮಶಾಸ್ತ್ರ, ಬಂದಿರುವುದು ಲೋಕದಲ್ಲಿ ಶಾಂತಿ ತರಲು ಅನ್ನುತ್ತಾರೆ ಅವರು. ಪವಾಡದ ನೆನಪಿಗಿಂತ ಮನೆಮಂದಿ ನೆಮ್ಮದಿಯಾಗಿ ಊಟಕ್ಕೆ ಕೂರುವುದು ದೊಡ್ಡದು. ಇದಕ್ಕಿಂತ ಜಾಸ್ತಿ ಆಧ್ಯಾತ್ಮ ಬೇಕಾ?

ಹಚ್ಚುವುದು ಸಾಮಾನ್ಯವಾಗಿ ಮನೆಯೊಡತಿ, ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮೊದಲು. ಜೆರುಸಲೇಮಿನಲ್ಲಿ 40 ನಿಮಿಷ. ಎರಡು ಮೇಣದಬತ್ತಿ ಇಡುವುದು ರೂಢಿ. ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ಒಂದು ಕಡೆ ಸಬ್ಬತನ್ನು ನೆನಪಿಡು ಅಂತಿದೆ, ಇನ್ನೊಂದು ಕಡೆ ಪಾಲಿಸು ಅಂತಿದೆ. ಒಂದೊಂದಕ್ಕೆ ಒಂದು ಬತ್ತಿ. ಆಮೇಲೆ ಆಕೆ ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಾಳೆ. ಕಣ್ಣು ಮುಚ್ಚುವುದು ಭಕ್ತಿಗೆ ಅನಿಸುತ್ತದೆ, ಅಲ್ವಾ? ಮೂಲದಲ್ಲಿ ಅದು ಜಾಣ ಉಪಾಯ. ವಿಧಿಯೊಂದನ್ನು ಮಾಡುವ ಮೊದಲು ಪ್ರಾರ್ಥನೆ ಹೇಳುವುದು ಅವರ ಪದ್ಧತಿ. ಆದರೆ ಇದನ್ನು ಹೇಳಿದ ಕೂಡಲೇ ಆಕೆಗೆ ಸಬ್ಬತ್ ಶುರು, ಆಮೇಲೆ ಬೆಂಕಿ ಮುಟ್ಟುವಂತಿಲ್ಲ. ಹಾಗಾಗಿ ಮೊದಲು ಹಚ್ಚಿ, ಕಣ್ಣು ಮುಚ್ಚಿ ಹೇಳಿ, ಆಮೇಲೆ ಕಣ್ಣು ಬಿಡುವುದು. ಬೆಳಕು ಆಗಷ್ಟೇ ಬಂತು ಅನ್ನುವ ಲೆಕ್ಕ.

ಹನುಕ್ಕಾ ದೀಪ ಇದಕ್ಕೆ ಪೂರ್ತಿ ಉಲ್ಟಾ. ಆ ಬೆಳಕಲ್ಲಿ ದುಡ್ಡು ಕೂಡ ಎಣಿಸಬಾರದು, ಸುಮ್ನೆ ನೋಡಬೇಕು ಅಷ್ಟೇ. ಪವಾಡ ಸಾರಲು ಇಟ್ಟ ದೀಪ ಅದು, ಮನೆಗೆಲಸಕ್ಕಲ್ಲ. ಕೆಲಸಕ್ಕೆ ಬೇಕಾದರೆ ಇರಲಿ ಅಂತ ಎಂಟು ದಿನದ ಎಂಟು ದೀಪಗಳ ಪಕ್ಕದಲ್ಲಿ ಶಮಾಶ್ ಅನ್ನುವ ಒಂಬತ್ತನೇ ಬತ್ತಿ ಇಡುತ್ತಾರೆ.

ಶನಿವಾರ ರಾತ್ರಿ ಹವ್ದಲಾ ವಿಧಿಯಲ್ಲಿ ಸಬ್ಬತನ್ನು ಬೀಳ್ಕೊಡುತ್ತಾರೆ. ಆಗ ಹಲವು ಎಳೆಗಳನ್ನು ಹೆಣೆದ ಮೇಣದಬತ್ತಿ ಹಚ್ಚಿ, ಅದರ ಬೆಳಕಲ್ಲಿ ಉಗುರು ನೋಡಿಕೊಳ್ಳುತ್ತಾರೆ. ಬೆಳಕನ್ನು ನಿಜವಾಗಿ ಬಳಸಿದ ಹಾಗಾಗಬೇಕಲ್ಲ! ಇಡೀ ದಿನ ಮುಟ್ಟದ ಬೆಂಕಿಯಿಂದಲೇ ಹೊಸ ವಾರದ ಕೆಲಸ ಶುರು.

ತೀರಿಕೊಂಡವರ ವರ್ಷದ ದಿನ ಸುಮಾರು 24 ಗಂಟೆ ಉರಿಯುವ ಬತ್ತಿಯನ್ನೂ ಹಚ್ಚುತ್ತಾರೆ. ಮನುಷ್ಯನ ಆತ್ಮ ದೇವರ ದೀಪ ಅಂತ ಬೈಬಲಿನ ಜ್ಞಾನೋಕ್ತಿಗಳಲ್ಲಿದೆ.

ಅಂದಹಾಗೆ, ಮೇಣವೇ ಆಗಬೇಕಂತಿಲ್ಲ. ಆಲಿವ್ ಎಣ್ಣೆಯ ದೀಪಕ್ಕೆ ಇನ್ನೂ ಹೆಚ್ಚಿನ ಮರ್ಯಾದೆ. ಕೊಚ್ಚಿಯ ಯಹೂದಿ ಪ್ರಾರ್ಥನಾ ಮಂದಿರವಾದ ಪರದೇಸಿ ಸಿನಗಾಗ್‌ಗೆ ಹೋದರೆ ತೂಗುಹಾಕಿದ ಗಾಜಿನ ಎಣ್ಣೆ ದೀಪಗಳು ಕಾಣುತ್ತವೆ. ಯಹೂದಿ ಗೆಳೆಯರು ಶುಕ್ರವಾರ ಊಟಕ್ಕೆ ಕರೆದರೆ, ಮೇಜಿನ ಮೇಲಿನ ಬತ್ತಿಯನ್ನು ಆರಿಸಬೇಡಿ, ಸರಿಸಲೂ ಬೇಡಿ. ಅದು ತಾನಾಗೇ ಉರಿದು ಮುಗಿಯಬೇಕು.