ಅಮೆರಿಕಕ್ಕೆ ಬಂದುಹೋದ ಅಪ್ಪ-ಅಮ್ಮನನ್ನು ಟ್ಯಾಕ್ಸ್ ರಿಟರ್ನಿನಲ್ಲಿ ಡಿಪೆಂಡೆಂಟ್ (ಅವಲಂಬಿತರು) ಎಂದು ತೋರಿಸಬಹುದೇ?

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ 2025ರಲ್ಲಿ ಸುಮಾರು ಆರು ತಿಂಗಳಿದ್ದು ಮೈಸೂರಿಗೆ ವಾಪಸಾದರು, ಖರ್ಚೆಲ್ಲ ನಿಮ್ಮದೇ ಅಂದಿದ್ದೀರಿ. ಖರ್ಚಿನ ಮಾತು ಆಮೇಲೆ, ಮೊದಲು ದಿನ ಎಣಿಸಿ.

ಊರಲ್ಲೇ ಇರುವವರಿಗೆ ಎಷ್ಟು ದುಡ್ಡು ಕಳಿಸಿದರೂ ಅವರು ಡಿಪೆಂಡೆಂಟ್ ಆಗುವುದಿಲ್ಲ. ತೆರಿಗೆ ಲೆಕ್ಕದಲ್ಲಿ ಅಮೆರಿಕದ ರೆಸಿಡೆಂಟ್ ಆಗಬೇಕು, ಅದಕ್ಕೆ 183 ದಿನ ಕೂಡಬೇಕು: 2025ರ ಅಷ್ಟೂ ದಿನ, 2024ರ ದಿನಗಳಲ್ಲಿ ಮೂರನೇ ಒಂದು ಪಾಲು, 2023ರದರಲ್ಲಿ ಆರನೇ ಒಂದು ಪಾಲು. ಬಂದ ದಿನ, ಹೊರಟ ದಿನ ಎರಡೂ ಸೇರುತ್ತವೆ. ಮೊದಲ ಸಲ ಬಂದು 178 ದಿನ ಇದ್ದರೆ ಐದು ದಿನ ಕಮ್ಮಿ, ಅಲ್ಲಿಗೆ ಮುಗಿಯಿತು. 2024ರಲ್ಲೂ 60 ದಿನ ಇದ್ದಿದ್ದರೆ 178ಕ್ಕೆ 20 ಸೇರಿ 198, ಪಾಸು. ಆದರೆ ‘ನಮ್ಮ ಮನೆಮಠ ಭಾರತದಲ್ಲೇ’ ಎಂದು ಅವರು ಫಾರ್ಮ್ 8840 ಹಾಕಿದರೆ ನಾನ್-ರೆಸಿಡೆಂಟ್ ಆಗುತ್ತಾರೆ. ಆಗ ನೀವು ಕ್ಲೇಮ್ ಮಾಡುವಂತಿಲ್ಲ.

ಮುಂದಿನದು ಆದಾಯ. ಇಬ್ಬರದೂ ಬೇರೆಬೇರೆ ನೋಡಬೇಕು. 2025ಕ್ಕೆ ಮಿತಿ 5,200 ಡಾಲರ್, ಹತ್ತಿರಹತ್ತಿರ ನಾಲ್ಕೂವರೆ ಲಕ್ಷ ರೂಪಾಯಿ. ಆದಾಯ ಅದಕ್ಕಿಂತ ಕಮ್ಮಿ ಇರಬೇಕು. ರೆಸಿಡೆಂಟ್ ಆದಮೇಲೆ ಊರಿನ ಪಿಂಚಣಿ, ಎಫ್‌ಡಿ ಬಡ್ಡಿ, ಬಾಡಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಿಂಗಳಿಗೆ 40,000 ಪಿಂಚಣಿ ಬರುವ ಅಪ್ಪ ಇಲ್ಲೇ ಬಿದ್ದುಹೋಗುತ್ತಾರೆ. ಆದಾಯವಿಲ್ಲದ ಅಮ್ಮನೊಬ್ಬರನ್ನೇ ತೋರಿಸಲು ಅಡ್ಡಿಯಿಲ್ಲ.

ಹೆಚ್ಚಿನವರು ಎಡವುವುದು ಪೋಷಣೆಯ ಲೆಕ್ಕದಲ್ಲಿ. ಅಮ್ಮನ ಇಡೀ ವರ್ಷದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿರಬೇಕು, ನಿಮ್ಮ ಮನೆಯಲ್ಲಿದ್ದ ತಿಂಗಳುಗಳದ್ದಷ್ಟೇ ಅಲ್ಲ. ಮೈಸೂರಿನಲ್ಲಿ ಅವರು ಅಪ್ಪನ ಸ್ವಂತ ಮನೆಯಲ್ಲಿದ್ದರೆ, ಆ ಮನೆಗೆ ಬರಬಹುದಾದ ಬಾಡಿಗೆಯಲ್ಲಿ ಅಮ್ಮನ ಪಾಲು ಅಪ್ಪ ಕೊಟ್ಟ ಪೋಷಣೆ. ನೀವು ಕಳಿಸಿದ್ದನ್ನು ಅಮ್ಮ ಎಫ್‌ಡಿ ಇಟ್ಟಿದ್ದರೆ ಅದು ಖರ್ಚೇ ಅಲ್ಲ.

ಇಷ್ಟೆಲ್ಲ ಮಾಡಿ ಸಿಗುವುದು ತಲೆಗೆ 500 ಡಾಲರ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿತ. ತೆರಿಗೆ ಸೊನ್ನೆಯಾದರೆ ಅದೂ ವಾಪಸ್ ಬರುವುದಿಲ್ಲ. ಇನ್ನೊಂದು ಮಾತು: ರೆಸಿಡೆಂಟ್ ಆದ ಅಪ್ಪ-ಅಮ್ಮನ ಭಾರತದ ಖಾತೆಗಳ ಮೊತ್ತ ಒಟ್ಟು 10,000 ಡಾಲರ್ ದಾಟಿದ್ದರೆ ಅವರು ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಹಾಕಬೇಕು, ನೀವು ಕ್ಲೇಮ್ ಮಾಡಿದರೂ ಬಿಟ್ಟರೂ.

ಅಮ್ಮನಿಗೆ ಐಟಿಐಎನ್ ನಂಬರ್ ಬೇಕು, ಅದು ಸೋಶಿಯಲ್ ಸೆಕ್ಯೂರಿಟಿ ನಂಬರ್ ಸಿಗದವರಿಗೆ ಕೊಡುವ ತೆರಿಗೆ ಗುರುತಿನ ಸಂಖ್ಯೆ. ಅದರ ಅರ್ಜಿಯಾದ ಫಾರ್ಮ್ ಡಬ್ಲ್ಯೂ-7ನ್ನು ರಿಟರ್ನಿನ ಜೊತೆಗೇ, ಗಡುವಿನೊಳಗೆ ಕಳಿಸಿ. ಸಿದ್ಧವಾಗದಿದ್ದರೆ ಫಾರ್ಮ್ 4868 ಹಾಕಿ ಗಡುವು ಮುಂದೂಡಿ. ನೋಟರಿ ಮಾಡಿಸಿದ ಪಾಸ್‌ಪೋರ್ಟ್ ಪ್ರತಿ ನಡೆಯುವುದಿಲ್ಲ: ಮೂಲ ಪಾಸ್‌ಪೋರ್ಟ್, ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ, ಇಲ್ಲವೇ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ ಏಜೆಂಟರ ಪರಿಶೀಲನೆ ಬೇಕು. ಅಮೆರಿಕಕ್ಕೆ ಬಂದ ದಿನಾಂಕದ ಮೊಹರು ಅದರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಪಾಸ್‌ಪೋರ್ಟ್ ಒಂದೇ ಸಾಲದು. ಮೂಲವನ್ನೇ ಅಂಚೆಗೆ ಹಾಕಿದರೆ ವಾಪಸಾಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಅಮ್ಮನಿಗೆ ಪ್ರಯಾಣ ಇಟ್ಟುಕೊಳ್ಳಬೇಡಿ.