ಗಣಿತ ಓದಿದವರು ಬಡತನ ಅಳೆಯುವ ಕೆಲಸಕ್ಕೆ ಬರಬಹುದಾ?

ಗಣಿತದಲ್ಲಿ ಬಿಎಸ್ಸಿ ಮಾಡಿದ ಮಗಳು ಬಡತನ, ಅಸಮಾನತೆ ಅಳೆಯುವ ಸಂಶೋಧನೆಗೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಬಹುದು ಮೇಡಂ. ಬ್ರಿಟನ್ನಿನ ಟೋನಿ ಅಟ್ಕಿನ್ಸನ್ ಕೇಂಬ್ರಿಜ್‌ಗೆ ಸೇರಿದ್ದು ಗಣಿತಕ್ಕೇ. ಆಮೇಲೆ ಅರ್ಥಶಾಸ್ತ್ರಕ್ಕೆ ಬಂದರು. 1970ರಲ್ಲಿ, ಮೂವತ್ತು ತುಂಬುವ ಮುಂಚೆಯೇ, ಅಸಮಾನತೆಗೆ ಹೊಸ ಅಳತೆ ಕೊಟ್ಟರು. ಪಿಎಚ್‌ಡಿ ಮಾಡಲೇ ಇಲ್ಲ! ಈಗ ಮಾತ್ರ ವಿಶ್ವವಿದ್ಯಾಲಯದ ಸಂಶೋಧನೆ ಕೆಲಸಕ್ಕೆ ಸಾಮಾನ್ಯವಾಗಿ ಅದನ್ನು ಕೇಳುತ್ತಾರೆ.

ಈ ಕೆಲಸ ಹೇಗಿರುತ್ತೆ ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ಬಡತನ ರೇಖೆ ದಿನಕ್ಕೆ 100 ರೂಪಾಯಿ ಅಂದುಕೊಳ್ಳಿ. 40 ರೂಪಾಯಿ ಇರುವವಳಿಂದ 10 ಕಿತ್ತು 95 ಇರುವವನಿಗೆ ಕೊಟ್ಟರೆ, ಸುಮ್ನೆ ತಲೆ ಎಣಿಸುವ ಲೆಕ್ಕದಲ್ಲಿ ಬಡವರು ಒಬ್ಬರು ಕಡಿಮೆ! ಜಾಸ್ತಿ ಹಸಿದವಳ ತಟ್ಟೆಯಿಂದ ಕಿತ್ತದ್ದು ಲೆಕ್ಕಕ್ಕೇ ಬರುವುದಿಲ್ಲ. ಅನ್ಯಾಯ ಅಲ್ವಾ? 1976ರಲ್ಲಿ ಅಮರ್ತ್ಯ ಸೇನ್ ಈ ತಪ್ಪನ್ನೇ ಹಿಡಿದು ಬೇರೆ ಸೂಚ್ಯಂಕ ಕಟ್ಟಿದರು. ಮಗಳಿಗೆ ಈ ಲೆಕ್ಕ ತೋರಿಸಿ. 'ಹಾಗಾದ್ರೆ ಹೇಗೆ ಅಳೆಯಬೇಕು?' ಅಂತ ಕೇಳಿದರೆ, ಅರ್ಥಶಾಸ್ತ್ರ ಎಂಎಗೆ ಅರ್ಜಿ ಹಾಕಿಸಿ.