ಫೈಲ್ ಹೊತ್ಕೊಂಡು ಎಷ್ಟ್ ದವಾಖಾನಿ ತಿರಗೋದ್ರಿ?

ಈ ಸಲ ಬಂದ ಪ್ರಶ್ನೆಗೋಳಾಗ ಮುಕ್ಕಾಲು ಪಾಲು ದವಾಖಾನಿ ರೆಕಾರ್ಡಿನ ಮ್ಯಾಲ ಅದಾವು, ಹಿಂಗಾಗಿ ಬ್ಯಾರೆ ಪ್ರಶ್ನೆ ಬದಿಗಿಟ್ಟು ಇವನ್ನಷ್ಟ ತಗೊಂಡೀನಿ. ನಾನು ದವಾಖಾನಿ ಕಂಪ್ಯೂಟರ್ ವಿಭಾಗದಾಗ ವರ್ಷಗಟ್ಲೆ ದುಡದಾಂವ, ಈ ಸಂಕಟ ಕೌಂಟರಿನ ಒಳಗಿಂದನೂ ನೋಡೀನಿ, ಹೊರಗ ಪಾಳೆದಾಗ ನಿಂತೂ ನೋಡೀನಿ.

ಅಪ್ಪಾಗ ಎದಿ ನೋವು ಬಂತು. ಮೊದ್ಲ ಜಮಖಂಡಿ, ಆಮ್ಯಾಲ ಬಾಗಲಕೋಟಿ, ಅಲ್ಲಿಂದ ಮಿರಜಿಗೆ ಹೋದ್ವಿ. ಮೂರೂ ಕಡೆ ರಕ್ತ ತಗದ್ರು, ಎಕೋ ಎರಡು ಸಲ ಮಾಡಿದ್ರು. ಎಲ್ಲಾ ಕಡೆ ಕಂಪ್ಯೂಟರ್ ಐತಿ, ಮತ್ತ ಒಬ್ರ ರಿಪೋರ್ಟ್ ಇನ್ನೊಬ್ರಿಗೆ ಯಾಕ ಕಾಣಂಗಿಲ್ಲ?
– ಜಮಖಂಡಿಯ ಓದುಗರು

ಮೊದ್ಲ ಒಂದು ಮಾತು. ಎದಿ ನೋವಿನ್ಯಾಗ ಕೆಲವು ಟೆಸ್ಟ್ ಮತ್ತ ಮತ್ತ ಮಾಡಾಕ ಬೇಕ್ರಿ. ಇಸಿಜಿ ಆಗ್ಲಿ, ಟ್ರೋಪೋನಿನ್ ಅನ್ನೋ ರಕ್ತದ ಟೆಸ್ಟ್ ಆಗ್ಲಿ, ತಾಸಿನಿಂದ ತಾಸಿಗೆ ಬದಲಾಗ್ತೈತಿ, ಅದಕ್ಕ ಡಾಕ್ಟರ್ ಮ್ಯಾಲ ಸಿಟ್ಟಾಗಬ್ಯಾಡ್ರಿ. ಆದ್ರ ಮುಂಜಾನಿ ಮಾಡಿದ ಎಕೋ ಸಂಜಿಕ ಮತ್ತ ಮಾಡ್ತಾರಲ್ಲ, ಅದು ಬಹಳ ಸಲ ಹಳೇದು ಕೈಗೆ ಸಿಗದ ಕಾರಣಕ್ಕ ಆಗ್ತೈತಿ.

ಈಗ ಒಳಗಿನ ಸಂಗತಿ. ನೀವು ದವಾಖಾನಿಗೊಂದು ಕಂಪ್ಯೂಟರ್ ಅಂತ ತಿಳ್ಕೊಂಡೀರಿ, ಖರೇ ನೋಡಿದ್ರ ಒಂದ ದವಾಖಾನಿ ಒಳಗ ಮೂರ್ನಾಕು ಸಾಫ್ಟ್‌ವೇರ್ ಇರ್ತಾವು, ಚೀಟಿ-ಬಿಲ್ಲಿಗೆ ಒಂದು, ಲ್ಯಾಬಿಗೆ ಒಂದು, ಎಕ್ಸ್‌ರೇ-ಸಿಟಿ ಸ್ಕ್ಯಾನಿಗೆ ಇನ್ನೊಂದು, ಔಷಧ ಅಂಗಡಿಗೆ ಮತ್ತೊಂದು, ಬ್ಯಾರೆ ಬ್ಯಾರೆ ವರ್ಷದಾಗ ಬ್ಯಾರೆ ಬ್ಯಾರೆ ಕಂಪನಿ ಕಡಿಂದ ತಗೊಂಡವು. ಅವುಗಳಾಗ ಸ್ಕ್ಯಾನಿನ ಫೋಟೋಗೋಳದ್ದು ಮೊದ್ಲ ಬಗಿಹರದೈತಿ, ಡೈಕಾಮ್ ಅನ್ನೋ ಒಂದ ನಮೂನಿ ಜಗತ್ತಿನ್ಯಾಗೆಲ್ಲಾ ನಡೀತೈತಿ, ಹಿಂಗಾಗಿ ಬಾಗಲಕೋಟಿ ಸಿಡಿ ಮಿರಜಿನ್ಯಾಗ ತೆರೀತೈತಿ. ಲ್ಯಾಬ್ ಮತ್ತ ದಾಖಲಾತಿ ಮಾಹಿತಿಗೆ ಎಚ್ಎಲ್ ಸೆವೆನ್ ಅಂತ ಒಂದು ಸಂಸ್ಥಾ 1987ರಿಂದ ನಿಯಮ ಮಾಡ್ಕೋತ ಬಂದೈತಿ. ಅದರ ಹೊಸ ನಿಯಮಕ್ಕ ಬಾಯಾಗ ಫೈರ್ ಅಂತಾರ. ರೋಗಿ ಅಂದ್ರ ಒಂದು ತುಣುಕು, ಟೆಸ್ಟ್ ಫಲಿತಾಂಶ ಅಂದ್ರ ಒಂದು ತುಣುಕು, ಗುಳಿಗಿ ಚೀಟಿ ಒಂದು ತುಣುಕು, ಹಿಂಗ ಒಂದೊಂದ ತುಣುಕಿಗೆ ಒಂದ ಅಚ್ಚು. ನಮ್ಮ ದೇಶದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದ ಫೈರ್ ಅಚ್ಚು ಹಿಡದೈತಿ, ದೇಶದ ತುಂಬ ಅದು ಶುರು ಆಗಿದ್ದು 2021ರ ಸೆಪ್ಟೆಂಬರಿನ್ಯಾಗ. ಎರಡೂ ದವಾಖಾನಿ ಅದಕ್ಕ ಕೂಡಿದ್ದು ನಿಮ್ಮ ಆಭಾ ನಂಬರ್ (ರಿಪೋರ್ಟ್ ಜೋಡಸಾಕ ಈ ಮಿಷನ್ ಕೊಡೋ ಆರೋಗ್ಯ ನಂಬರ್) ಎರಡೂ ಕಡೆ ಜೋಡಿಸಿದ್ರ, ಕರ್ನಾಟಕ ಇರಲಿ ಮಹಾರಾಷ್ಟ್ರ ಇರಲಿ, ನಿಮ್ಮ ಒಪ್ಪಿಗಿ ಮ್ಯಾಲ ರಿಪೋರ್ಟ್ ತರಿಸ್ಕೋಬಹುದು. ಒಂದು ಕಡೆ ಕೂಡಿ ಇನ್ನೊಂದು ಕಡೆ ಕೂಡದಿದ್ರ ಏನೂ ಬರಂಗಿಲ್ಲ.

ಆದ್ರ ವೈರ್ ಜೋಡಸೋದು ಸಣ್ಣ ಕೆಲಸ್ರಿ, ಇವರು ಅವರ ಹೌದೇನು ಅಂತ ಗುರ್ತ ಹಿಡಿಯೋದ ದೊಡ್ಡ ಕೆಲಸ. ಒಂದು ದವಾಖಾನಿಯಾಗ ಹಳೇ ಸಾಫ್ಟ್‌ವೇರಿನ ಮಾಹಿತಿ ಹೊಸಾದ್ರಾಗ ಹಾಕುವಾಗ ಕಂಡಿದ್ದು ಹೇಳ್ತೀನಿ. ಒಂದ ಹೆಸರು, ಒಂದ ಅಡ್ಡಹೆಸರು, ಒಂದ ಊರು, ಹುಟ್ಟಿದ ದಿನ ಜೂನ್ 1. ಕಂಪ್ಯೂಟರ್ ಇಬ್ಬರನ್ನ ಒಂದ ಮಾಡಿ ಬಿಡ್ತು. ನಮ್ಮ ಕಡೆ ಸಾಲಿಗೆ ಹಚ್ಚುವಾಗ ಗುರುಗೋಳು ಎಷ್ಟ್ ಮಂದಿಗೆ ಜೂನ್ 1 ಬರದಾರ ಅಂತ ನಿಮಗ ಗೊತ್ತೈತಿ, ಆ ಸಾಫ್ಟ್‌ವೇರ್ ಬರದಾಂವಗ ಅದು ಗೊತ್ತಿರಲಿಲ್ಲ. ವಾರ್ಡಿನ ನರ್ಸಬಾಯಿ ಒಬ್ಬಾಕಿ ಸ್ಕ್ರೀನ್ ನೋಡಿ, "ಸರ, ಈ ಅಜ್ಜಿಗೆ ಎರಡು ರಕ್ತದ ಗುಂಪು ಹೆಂಗ ಬಂತು" ಅಂತ ಕೇಳಿದ್ಲು. ಒಂದ ಪುಟದಾಗ ಮ್ಯಾಲ ಬಿ ಪಾಸಿಟಿವ್, ಕೆಳಗ ಓ ಪಾಸಿಟಿವ್. ಆಕಿ ಕೇಳದ ಹೋಗಿದ್ರ ಅನ್ನೋದು ನೆನಪಾದ್ರ ಈಗೂ ನನಗ ಮೈ ಜುಮ್ ಅಂತೈತಿ. ಇದರ ಉಲ್ಟಾನೂ ಆಗ್ತೈತಿ, ಬಸವರಾಜ ಅನ್ನೋ ಒಬ್ಬನ ಮನಷ್ಯಾನ್ನ ಇಂಗ್ಲಿಷಿನ್ಯಾಗ ಒಂದು ಕಡೆ ವಿ ಹಾಕಿ, ಇನ್ನೊಂದು ಕಡೆ ಡಬ್ಲ್ಯೂ ಹಾಕಿ ಬರೀತಾರ, ಗಡಿ ದಾಟಿದ ಮ್ಯಾಲ ಮರಾಠಿಯೊಳಗ ಬರದಿದ್ದು ಮತ್ತೊಂದು ನಮೂನಿ ಆಗ್ತೈತಿ, ಒಬ್ಬಾಂವ ಮೂರು ಮಂದಿ ಆಗಿ ಕುಂತಿರ್ತಾನ. 14 ಅಂಕಿಯ ಆಭಾ ನಂಬರಿನ ಖರೇ ಉಪಯೋಗ ಇಲ್ಲೈತಿ.

ಎಲ್ಲಾ ದವಾಖಾನಿ ಇದಕ್ಕ ಕೂಡೋತನಕ ಒಂದು ಮಾಡ್ರಿ. ನಿಮ್ಮ ದಾಖಲಿ ಕೇಳೋದು ನಿಮ್ಮ ಹಕ್ಕು. ವೈದ್ಯರ ನಡಾವಳಿ ಬಗ್ಗೆ 2002ರ ನಿಯಮ ಐತಿ, ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇದ್ದವರು ಕೇಳಿದ್ರ 72 ತಾಸಿನ್ಯಾಗ ಕೊಡಬೇಕು. ಡಿಸ್ಚಾರ್ಜ್ ಆಗೋ ದಿನಾನ ಬರವಣಿಗಿಯೊಳಗ ಕೇಳ್ರಿ, ಎಕೋದ್ದು ಬರೇ ಕಾಗದಲ್ಲ, ಸಿಡಿನೂ ಕೇಳ್ರಿ.

ಆಭಾ ಕಾರ್ಡ್ ಮಾಡಿಸಿದ್ರ ಆಪರೇಷನ್ ಫ್ರೀ ಆಗ್ತೈತಿ ಅಂತ ಊರಾಗ ಹೇಳ್ತಾರ, ಖರೇ ಏನ್ರಿ?
– ಗೋಕಾಕದಿಂದ

ಅಲ್ರಿ, ಆಭಾ ಬ್ಯಾರೆ, ಆಯುಷ್ಮಾನ್ ಕಾರ್ಡ್ ಬ್ಯಾರೆ. ಹೆಸರು ಹತ್ತಿರ ಹತ್ತಿರ ಇರೋದ್ರಿಂದ ಮಂದಿ ದಾರಿ ತಪ್ಪಾಕತ್ತಾರ, ಪಾಳೆ ಹಚ್ಚಿ ಆಭಾ ಮಾಡಿಸಿ ಆಪರೇಷನ್ ದಿನ ಕೌಂಟರಿನ್ಯಾಗ ಅಳೋ ಮಂದಿನ್ನ ನೋಡೀನಿ, ಅದಕ್ಕ ಬಿಡಿಸಿ ಹೇಳ್ತೀನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ರೊಕ್ಕದ್ದು, ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸಾ. ಆಭಾ ಅಂದ್ರ ಬರೇ ನಂಬರ್, ನಿಮ್ಮ ರಿಪೋರ್ಟ್ ಒಂದ ದಾರಕ್ಕ ಪೋಣಸಾಕ ಇರೋದು. ಅದರಿಂದ ಒಂದು ಪೈಸಾ ಬರಂಗಿಲ್ಲ, ಮಾಡಿಸಲೇಬೇಕಂತ ಒತ್ತಾಯನೂ ಇಲ್ಲ. ಎರಡೂ ಇರಲಿ, ಆದ್ರ ಒಂದ್ರ ಬದ್ಲಿ ಇನ್ನೊಂದು ನಡಿಯಂಗಿಲ್ಲ.

ನಮ್ಮ ಅಣ್ಣ ಗಲ್ಫಿನಿಂದ ಬಂದಾನ. ಅಲ್ಲಿ ರಿಪೋರ್ಟಿನ್ಯಾಗ ಶುಗರ್ 7.8 ಅಂತೈತಿ, ಇಲ್ಲಿ ವಿಜಯಪುರದ ಲ್ಯಾಬಿನ್ಯಾಗ 140 ಬಂತು. ಯಾವುದು ಖರೇ, ಯಾವುದು ಸುಳ್ಳು?
– ವಿಜಯಪುರದಿಂದ

7.8ರ ಮುಂದ ಏನು ಬರದೈತಿ ಅಂತ ಮೊದ್ಲ ನೋಡ್ರಿ. ಮಿಲಿಮೋಲ್ ಪ್ರತಿ ಲೀಟರ್ ಅಂತಿದ್ರ 18ರಿಂದ ಗುಣಸ್ರಿ, ನಮ್ಮ ಕಡಿನ ಮಿಲಿಗ್ರಾಂ ಲೆಕ್ಕದಾಗ 140 ಬರ್ತೈತಿ. ಎರಡೂ ಖರೇ, ಅಳತಿ ಬ್ಯಾರೆ ಅಷ್ಟ. ಹಿಂದಕ ಸೇರು, ಕೊಳಗ ಅಂದ್ರ ಊರಿಗೊಂದು ನಮೂನಿ ಇರ್ತಿತ್ತಲ್ಲ, ಈ ಊರಿನ ಹತ್ತು ಸೇರು ಆ ಊರಾಗ ಹತ್ತು ಆಗ್ತಿರಲಿಲ್ಲ, ಹಂಗ ಇದು. ಆದ್ರ ಮುಂದ ಶೇಕಡಾ ಅಂತಿದ್ದು ಟೆಸ್ಟಿನ ಹೆಸರು ಎಚ್‌ಬಿಎಒನ್‌ಸಿ ಇತ್ತಂದ್ರ ಅದು ಪೂರಾ ಬ್ಯಾರೆ ಟೆಸ್ಟ್, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳೋದು. 7.8 ಶೇಕಡಾ ಅಂದ್ರ ಸರಾಸರಿ ಶುಗರ್ 177ರ ಆಸುಪಾಸು. ಈಗ ವಿಚಾರ ಮಾಡ್ರಿ, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕ ಬರೇ "ಶುಗರ್ 7.8" ಅಂತ ಹೋದ್ರ ಆ ಕಡಿನ ಡಾಕ್ಟರ್ ಏನಂತ ತಿಳ್ಕೋಬೇಕು? ಇದಕ್ಕ ಅಂತನ ಲಾಯಿಂಕ್ ಅನ್ನೋ ಕೋಡ್ ಪಟ್ಟಿ ಐತಿ. ರಕ್ತದ ಶುಗರ್ ಮಿಲಿಗ್ರಾಂ ಲೆಕ್ಕದಾಗ ಇದ್ರ 2345-7, ಮಿಲಿಮೋಲ್ ಲೆಕ್ಕದಾಗ ಇದ್ರ 14749-6, ಎಚ್‌ಬಿಎಒನ್‌ಸಿಗೆ 4548-4. ಕೋಡ್ ಜೊತಿಗೆ ಹೋದ್ರ ಗೊಂದಲಕ್ಕ ಜಾಗ ಇರಂಗಿಲ್ಲ. ಅಣ್ಣಾಗ ಎರಡೂ ರಿಪೋರ್ಟ್ ಡಾಕ್ಟರಿಗೆ ತೋರಸಾಕ ಹೇಳ್ರಿ, ಉಪವಾಸ ಇದ್ದಾಗ ತಗದ್ದೋ ಊಟ ಆದ ಮ್ಯಾಲ ತಗದ್ದೋ ಅನ್ನೋದು ಮರೀದ ಹೇಳ್ಲಿ.

ಮುಧೋಳದಾಗ ಸಣ್ಣ ಲ್ಯಾಬ್ ಐತಿ. ನಾವು ಎಲ್ಲಾರಿಗೂ ವಾಟ್ಸಾಪಿನ್ಯಾಗ ಪಿಡಿಎಫ್ ಕಳಸ್ತೀವಿ. ಅದು ಡಿಜಿಟಲ್ ಆಗಲಿಲ್ಲೇನು?
– ಲ್ಯಾಬ್ ನಡಸೋರು

ರೋಗಿಗೆ ಅನುಕೂಲ ಆಗೈತಿ, ಅದು ಒಳ್ಳೇದ. ಆದ್ರ ಪಿಡಿಎಫ್ ಅಂದ್ರ ಮನಷ್ಯಾ ಓದೋ ಕಾಗದ. ಕಿಡ್ನಿ ಹೆಂಗೈತಿ ಅಂತ ತೋರಸೋ ಕ್ರಿಯಾಟಿನಿನ್ ಮೂರು ತಿಂಗಳಾಗ 1.1ರಿಂದ 1.9ಕ್ಕ ಏರೈತಿ ಅಂತ ಸಾಫ್ಟ್‌ವೇರ್ ತಾನ ಕೆಂಪು ಮಾಡಿ ತೋರಸಬೇಕಂದ್ರ ಅಂಕಿ ಅಂಕಿಯಾಗೇ ಹೋಗಬೇಕು, ಚಿತ್ರ ಆಗಿ ಅಲ್ಲ. ಮುಂದಿನ ಸಲ ಸಾಫ್ಟ್‌ವೇರಿನವರು ಬಂದಾಗ ಮೂರ ಮಾತು ಕೇಳ್ರಿ: ಟೆಸ್ಟಿಗೆ ಲಾಯಿಂಕ್ ಕೋಡ್ ಹಾಕಾಕ ಬರ್ತೈತೇನು, ಫೈರ್ ನಮೂನಿಯೊಳಗ ಹೊರಗ ಕಳಸ್ತೈತೇನು, ನಾಳೆ ನಿಮ್ಮನ್ನ ಬಿಟ್ರ ನನ್ನ ಹಳೇ ಮಾಹಿತಿ ಎಲ್ಲಾ ವಾಪಸ್ ಕೊಡ್ತೀರೇನು. ಮೂರನೇದು ಬರದು ಸಹಿ ಮಾಡಿಸ್ಕೋರಿ. ಹಳೇ ಮಾಹಿತಿ ಹಿಡಕೊಂಡು ಸಣ್ಣ ಲ್ಯಾಬಿನವರನ್ನ ಆಡಿಸೋದು ನಾನು ಕಂಡೀನಿ, ಅದು ಅನ್ಯಾಯ.

ಎಲ್ಲಾ ಒಂದ ಕಡೆ ಕೂಡಿದ್ರ ನನ್ನ ಮಾನಸಿಕ ಚಿಕಿತ್ಸಾದ ವಿಷಯ ಎಲ್ಲಾರಿಗೂ ಗೊತ್ತಾಗಂಗಿಲ್ಲೇನು? ನಾನು ಶಿಕ್ಷಕಿ, ಅಂಜಿಕಿ ಆಗ್ತೈತಿ.
– ಬೆಳಗಾವಿಯಿಂದ

ನಿಮ್ಮ ಅಂಜಿಕಿ ನ್ಯಾಯವಾದದ್ದು ತಾಯಿ. ಡಿಜಿಟಲ್ ಮಿಷನ್ ರಚನಾದಾಗ ಎಲ್ಲಾರ ರಿಪೋರ್ಟ್ ಸುರಿಯೋ ಒಂದು ದೊಡ್ಡ ಹಗೇವು ಇಲ್ಲ, ಯಾರ ದವಾಖಾನಿಯದ್ದು ಅವರ ಕಡೆನ ಇರ್ತೈತಿ. ಇನ್ನೊಬ್ಬ ಡಾಕ್ಟರ್ ನೋಡಬೇಕಂದ್ರ ನಿಮ್ಮ ಫೋನಿಗೆ ಒಪ್ಪಿಗಿ ಕೇಳಿ ಬರ್ತೈತಿ, ಯಾವ ಉದ್ದೇಶಕ್ಕ, ಯಾವ ದಿನದಿಂದ ಯಾವ ದಿನದ ತನಕದ್ದು, ಯಾವ ನಮೂನಿ ದಾಖಲಿ ಅಂತ. ನೀವು ಬ್ಯಾಡ ಅನ್ನಬಹುದು, ಕೊಟ್ಟಿದ್ದು ಹಿಂದಕ್ಕ ತಗೋಬಹುದು, ಮಾನಸಿಕ ಚಿಕಿತ್ಸಾದ್ದು ಜೋಡಸದ ಬಿಡಬಹುದು. ಅದರ ಮ್ಯಾಲ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಗುಟ್ಟು ಕಾಯೋ ಹಕ್ಕು ಕೊಟ್ಟೈತಿ, ಎಚ್‌ಐವಿ ಇದ್ದವರಿಗೂ ಅದ ವರ್ಷದ ಬ್ಯಾರೆ ಕಾಯ್ದೆ ಐತಿ, 2023ರಾಗ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆನೂ ಬಂದೈತಿ.

ಆದ್ರ ಕಾಯ್ದೆಕ್ಕಿಂತ ಮೊದ್ಲ ಕೌಂಟರ್ ಬರ್ತೈತಿ. ಪಾಳೆದಾಗ ನಿಂತಾಗ "ಒಟಿಪಿ ಹೇಳ್ರಿ, ಲಗೂ" ಅಂತಾರ, ನಾವು ಹೇಳಿ ಬಿಡ್ತೀವಿ. ಯಾತರ ಒಟಿಪಿ ಅಂತ ಕೇಳ್ರಿ, ಮೆಸೇಜ್ ಪೂರಾ ಓದ್ರಿ, ಹಿಂದಿನವರು ಗುಣಗುಟ್ಟಿದ್ರ ಗುಣಗುಟ್ಟಲಿ. ಮತ್ತ ಒಂದು, ಈಗಿನ ಗುಳಿಗಿ ಹೆಸರಷ್ಟರ ಬ್ಯಾರೆ ಡಾಕ್ಟರಿಗೆ ಹೇಳ್ರಿ, ಯಾಕಂದ್ರ ಕೆಲವು ಗುಳಿಗಿ ಒಂದಕ್ಕೊಂದು ಹೊಂದಂಗಿಲ್ಲ, ಅದನ್ನ ಮುಚ್ಚಿಟ್ರ ತ್ರಾಸ ನಿಮಗ.

ಮಗಳ ಗಂಡನ ಮನಿ ಅಥಣಿ. ಚೊಚ್ಚಲ ಬಾಣಂತನಕ್ಕ ಇಂಡಿಗೆ ಕರಕೊಂಡು ಬಂದೀವಿ. ಇಲ್ಲಿ ಮತ್ತ ಮೊದಲಿಂದ ಬರ್ಕೊಳ್ತೀವಿ ಅಂತಾರ. ಅಲ್ಲಿ ಆರು ತಿಂಗಳು ತೋರಿಸಿದ್ದು ಏನಾತು?
– ಇಂಡಿ ತಾಲೂಕಿನ ತಾಯಿ

ಈ ಪ್ರಶ್ನೆ ಓದಿ ನನಗ ಭಾಳ ಖುಷಿ ಆತು, ಯಾಕಂದ್ರ ದೊಡ್ಡ ದೊಡ್ಡ ಮೀಟಿಂಗಿನ್ಯಾಗ ಯಾರೂ ಇದನ್ನ ಎತ್ತಂಗಿಲ್ಲ. ತವರಿಗೆ ಬರೋದು ನಮ್ಮ ಪದ್ಧತಿ, ಆದ್ರ ಬಸುರಿ ಅದ ಜಿಲ್ಲಾದಾಗ, ಅದ ಆಶಾ ಕಾರ್ಯಕರ್ತಿ ಕಣ್ಣಳತಿಯೊಳಗ ಇರ್ತಾಳ ಅಂತ ಹಿಡದು ರಿಜಿಸ್ಟರ್ ಬರಿಯೋದು ನಡದೈತಿ. ಮಗಳು ಬೆಳಗಾವಿ ಜಿಲ್ಲಾ ಬಿಟ್ಟು ವಿಜಯಪುರ ಜಿಲ್ಲಾಕ್ಕ ಬಂದ್ಲು, ಮಾಹಿತಿ ಅಥಣಿಯಾಗ ಉಳೀತು. ಇಲ್ಲಿನ ನರ್ಸಬಾಯಿ ಮ್ಯಾಲೂ ಸಿಟ್ಟಾಗಬ್ಯಾಡ್ರಿ, ಆಕಿ ಒಂದ ಬಸುರಿ ವಿವರ ರಿಜಿಸ್ಟರಿನ್ಯಾಗ ಒಂದು ಸಲ, ಪೋರ್ಟಲಿನ್ಯಾಗ ಒಂದು ಸಲ ಬರೀಬೇಕು. ಒಂದು ಸಲ ಬರದಿದ್ದು ಎಲ್ಲಾ ಕಡೆ ಹೋಗೋ ಹಂಗ ಆಗಬೇಕು ಅಂತ ನಾವು ಹೊಡಕೋಳೋದು ಇದಕ್ಕನ.

ಸದ್ಯಕ್ಕ ತಾಯಿ ಕಾರ್ಡ್ ತಗೀರಿ. ಅದರಾಗ ಆರ್‌ಸಿಎಚ್ ನಂಬರ್, ಅಂದ್ರ ಸರ್ಕಾರಿ ಪೋರ್ಟಲಿನ್ಯಾಗ ಬಸುರಿಗೆ ಕೊಟ್ಟ ನಂಬರ್, ಐತೇನು ನೋಡ್ರಿ, ಇದ್ರ ಹೊಸ ಹೆಸರು ಬರೀಬ್ಯಾಡ್ರಿ, ಈ ನಂಬರ್ ಹಾಕಿ ಹುಡಕ್ರಿ ಅಂತ ನರ್ಸಬಾಯಿಗೆ ಹೇಳ್ರಿ. ಅಥಣಿಯಾಗ ಕೊಟ್ಟ ಮೊಬೈಲ್ ನಂಬರ್ ಯಾರದ್ದು ಅಂತ ಅಳಿಯಾಗ ಕೇಳಿಟ್ಕೋರಿ. ದಿನ ತುಂಬೋ ತಾರೀಕು ಅಂಕಿಯಾಗ ಅಷ್ಟ ಇದ್ರ ತಿಂಗಳ ಹೆಸರು ಬರಸ್ರಿ, 05/08 ಅಂದ್ರ ಆಗಸ್ಟ್ 5 ಅಂತ ನಾವು ಓದ್ತೀವಿ, ಕೆಲವು ಸಾಫ್ಟ್‌ವೇರ್ ಮೇ 8 ಅಂತ ಓದ್ತಾವು. ರಕ್ತದ ಗುಂಪು ನೆಗೆಟಿವ್ ಇದ್ರ ಕಾರ್ಡಿನ ಮ್ಯಾಲ ಕೆಂಪು ಪೆನ್ನಿಲೆ ದೊಡ್ಡದಾಗಿ ಬರಸ್ರಿ, ಕೂಸಿಂದು ಪಾಸಿಟಿವ್ ಬಂದ್ರ ಹಡದ 72 ತಾಸಿನ್ಯಾಗ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕಾಗ್ತೈತಿ. ಆ ಕಾರ್ಡಿನ ಎಲ್ಲಾ ಪುಟದ ಫೋಟೋ ತಗದು ನಿಮ್ಮ ಫೋನಿನ್ಯಾಗೊಂದು, ಅಳಿಯನ ಫೋನಿನ್ಯಾಗೊಂದು ಇರಲಿ, ಬ್ಯಾನಿ ಯಾವ ರಾತ್ರಿ ಶುರು ಆಗ್ತಾವು ಹೇಳಾಕ ಬರಂಗಿಲ್ಲ.